ಮಾತು ಕಡಿಮೆಯ ಮಗನಿಗೆ ಮನೆ-ಹೊಲದ ಕೆಲಸ ಕಲಿಸುವುದು ಹೇಗೆ?

ಎರಡು ವರ್ಷದ ಹಿಂದೆ ರಾಗಿ ತೆನೆ ಒಡೆಯುವ ಕಾಲದಲ್ಲಿ, ಬೆಂಕಿರೋಗ ಬಿದ್ದಿದೆಯೆಂದು ಹೇಳಿಕಳಿಸಿದ್ದರಿಂದ ದೇವನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಊರಿನ ಹೆಸರು ಇಲ್ಲಿ ಬೇಡ, ಮನೆಯವರಿಗೆ ಇಷ್ಟವಿಲ್ಲ. ಎರಡೂವರೆ ಎಕರೆ ಜಮೀನು. ಅರ್ಧ ರಾಗಿ, ಅರ್ಧ ಹಿಪ್ಪುನೇರಳೆ. ಒಂದು ಕೊಳವೆ ಬಾವಿ, ಒಂದು ಕೃಷಿ ಹೊಂಡ, ಎರಡು ಸೀಮೆಹಸು. ಹೊಲ ನೋಡಿ ಮನೆಗೆ ಬಂದಾಗ ಹುಳುಮನೆಯ ಬಾಗಿಲಲ್ಲಿ 17 ವರ್ಷದ ಹುಡುಗನೊಬ್ಬ ನಿಂತು ಸೊಪ್ಪಿನ ಕಡ್ಡಿಯೊಂದನ್ನು ಕಣ್ಣಿನ ಮುಂದೆ ಹಿಡಿದು ತಿರುಗಿಸುತ್ತಿದ್ದ. ನನ್ನ ಕಡೆ ನೋಡಲಿಲ್ಲ.

"ಎಲ್ಲಾ ರೋಗಕ್ಕೂ ಔಷಧಿ ಬರ್ದು ಕೊಡ್ತೀರಲ್ಲ ಸಾರ್, ನಮ್ಮ ಹುಡುಗನಿಗೂ ಒಂದು ಬರ್ಕೊಡಿ" ಎಂದರು ತಾಯಿ. ನಗುತ್ತಲೇ ಹೇಳಿದರು, ಆದರೆ ಅದು ನಗುವ ಮಾತಾಗಿರಲಿಲ್ಲ.

ನಾನು ಸಲುಗೆಯಿಂದ ಹುಡುಗನ ಬೆನ್ನು ತಟ್ಟಿ "ಏನಪ್ಪಾ, ನಿನ್ನ ಹೆಸರೇನು?" ಎಂದೆ. ತಟ್ಟಿದ್ದೇ ತಡ, ಕಿವಿ ಮುಚ್ಚಿಕೊಂಡು ಕಿರುಚಿ ಓಡಿದ. ತಂದೆ ಕೈಯಲ್ಲಿದ್ದ ಕಾಫಿ ಲೋಟ ಬಿಟ್ಟು ಅವನ ಹಿಂದೆ ಓಡಿದರು. ಹುಡುಗ ಓಡಿದ್ದು ಹೊಂಡದ ಕಡೆಗೆ. ನಾವು ಹೋಗುವ ಹೊತ್ತಿಗೆ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ನೀರನ್ನೇ ನೋಡುತ್ತಿದ್ದ. ಸುತ್ತ ಬೇಲಿ ಇರಲಿಲ್ಲ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೆ ಜಾರಿದವರು ಈಜು ಬಂದರೂ ಮೇಲೆ ಹತ್ತುವುದು ಕಷ್ಟವೆಂದು ರೈತರಿಗೆ ಗೊತ್ತೇ ಇದೆ. ಆ ಹೊಂಡಕ್ಕೆ ಅರ್ಜಿ ಬರೆಸಿದವನು ನಾನೇ. ಬೇಲಿಯ ಮಾತು ಹೇಳಿದ್ದೆ. ಹಾಕಿದ್ದಾರೆಯೇ ಎಂದು ಹೋಗಿ ನೋಡಿರಲಿಲ್ಲ.

ಆ ಮನೆಗೆ ಅಂದಿನಿಂದ ಹೋಗಿ ಬರುತ್ತಿದ್ದೇನೆ. ತಂದೆ-ತಾಯಿಯ ಜೊತೆ ಬೆಂಗಳೂರಿನ ನಿಮ್ಹಾನ್ಸ್‌ಗೂ ಹೋಗಿಬಂದೆ. ಅಲ್ಲಿ ತಿಳಿದದ್ದು, ಆ ತಾಯಿ ಮಾಡಿ ನೋಡಿದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ. ಆದರೆ ಇಂಥ ಮಕ್ಕಳಿರುವ ಮನೆಗಳು ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಕಡೆಯ ಹಳ್ಳಿಗಳಲ್ಲೂ ಇವೆ, ನೆಂಟರು ಬಂದಾಗ ಮಗುವನ್ನು ಒಳಕೋಣೆಗೆ ಕಳಿಸುವ ಮನೆಗಳೂ ಇವೆ.

ಇದು ಏನು, ಏಕೆ ಬರುತ್ತದೆ?

ಇದಕ್ಕೆ ಆಟಿಸಂ ಎನ್ನುತ್ತಾರೆ. ಕನ್ನಡದಲ್ಲಿ ಸ್ವಲೀನತೆ ಎಂಬ ಹೆಸರು ಬಂದಿದೆ. ಮಿದುಳು ಬೆಳೆಯುವ ಬಗೆಯಲ್ಲೇ ಇರುವ ವ್ಯತ್ಯಾಸ ಇದು. ಹೆಸರು ಹಿಡಿದು ಕರೆದರೆ ತಿರುಗದಿರುವುದು, ಕಣ್ಣಿಟ್ಟು ನೋಡದಿರುವುದು, ಬೇಕಾದ್ದನ್ನು ಬೆರಳಿನಿಂದ ತೋರಿಸದಿರುವುದು, ಮಾತು ತಡವಾಗುವುದು ಅಥವಾ ಬಂದ ಮಾತು ನಿಂತುಹೋಗುವುದು, ಒಂದೇ ಆಟವನ್ನು ಮತ್ತೆ ಮತ್ತೆ ಆಡುವುದು, ಇಂಥ ಲಕ್ಷಣಗಳು ಸಾಮಾನ್ಯವಾಗಿ ಮೂರು ವರ್ಷದೊಳಗೇ ಕಾಣುತ್ತವೆ. "ಅವರಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಕಾಯುತ್ತ ಕೂರಬಾರದು. ಬೇಗ ತೋರಿಸಿದಷ್ಟೂ ಕಲಿಕೆ ಸುಲಭ. ಎಲ್ಲರೂ ಒಂದೇ ತರಹ ಇರುವುದಿಲ್ಲ: ಒಬ್ಬನಿಗೆ ಒಂದು ಮಾತೂ ಇಲ್ಲ, ಇನ್ನೊಬ್ಬ ಎಸ್ಸೆಸ್ಸೆಲ್ಸಿ ಪಾಸು ಮಾಡಿ ಅಂಗಡಿಗೆ ಹೋಗಿ ಚಿಲ್ಲರೆ ಕೇಳಲಾರ.

ಅಮೆರಿಕದ ವೈದ್ಯ ಲಿಯೊ ಕ್ಯಾನರ್ 1943ರಲ್ಲಿ ಇದನ್ನು ವಿವರಿಸಿದ. ಬಳಿಕ ಹಲವು ವರ್ಷ ದೊಡ್ಡ ದೊಡ್ಡ ವೈದ್ಯರೇ ತಾಯಿಯ ಪ್ರೀತಿ ಸಾಲದೆ ಹೀಗಾಗುತ್ತದೆಂದು ಬರೆದರು. ಅಂಥ ಮಗನಿದ್ದ ತಂದೆ, ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಪುಸ್ತಕ ಬರೆದು ಅದು ಸುಳ್ಳೆಂದು ವಾದಿಸಿದ. ನಮ್ಮ ಕಡೆ ಅತ್ತೆಯಂದಿರು ಈಗಲೂ ಸೊಸೆಯ ಮೇಲೆಯೇ ಹೊರಿಸುತ್ತಾರೆ. ಗಾಳಿ ಸೋಕಿದ್ದರಿಂದ ಅಲ್ಲ, ಗ್ರಹಣ ನೋಡಿದ್ದರಿಂದ ಅಲ್ಲ, ಲಸಿಕೆ ಹಾಕಿಸಿದ್ದರಿಂದಲೂ ಅಲ್ಲ. ಇದನ್ನು ವಾಸಿಮಾಡುವ ಮಾತ್ರೆ ಇಲ್ಲ. ವಾಸಿ ಮಾಡುತ್ತೇವೆಂದು ಸಾವಿರಗಟ್ಟಲೆ ಕೇಳುವವರಿಗೆ ಹಣ ಕೊಡಬೇಡಿ. ಆದರೆ ಜೊತೆಗೆ ಮೂರ್ಛೆರೋಗವೋ ನಿದ್ರೆ ಬಾರದಿರುವ ತೊಂದರೆಯೋ ಇದ್ದರೆ ಅದಕ್ಕೆ ಔಷಧಿ ಉಂಟು, ವೈದ್ಯರು ಹೇಳುವವರೆಗೆ ನಿಲ್ಲಿಸಕೂಡದು.

ಸ್ನಾನ ಎಂಬುದು ಒಂದು ಕೆಲಸವಲ್ಲ

ಆ ಮನೆಯಲ್ಲಿ 17 ವರ್ಷದ ಮಗನಿಗೆ ತಾಯಿಯೇ ಸ್ನಾನ ಮಾಡಿಸುತ್ತಿದ್ದರು. "ಹೋಗಿ ಸ್ನಾನ ಮಾಡು" ಎಂದರೆ ಹೋಗಿ ಬಚ್ಚಲಲ್ಲಿ ನಿಲ್ಲುತ್ತಿದ್ದ, ಅಷ್ಟೇ. ಕೆಲಸವನ್ನು ತುಂಡು ತುಂಡು ಮಾಡಿ ಎಂದು ನಿಮ್ಹಾನ್ಸ್‌ನಲ್ಲಿ ಹೇಳಿಕೊಟ್ಟರು. ಕೂತು ಎಣಿಸಿದೆವು: ಟವಲು ಗೂಟಕ್ಕೆ ಹಾಕುವುದು, ಬಟ್ಟೆ ಬಿಚ್ಚುವುದು, ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಮೈಗೆ ನೀರು, ಸೋಪು ಕೈಗೆ, ಕುತ್ತಿಗೆಗೆ, ಕಂಕುಳಿಗೆ, ಹೀಗೆ 16 ತುಂಡು ಆಯಿತು. ನಮಗೆ ಒಂದೇ ಮಾತು, ಅವನಿಗೆ 16 ಕೆಲಸ.

ಕಲಿಸಿದ್ದು ಮಾತ್ರ ಹಿಂದಿನಿಂದ. ತಾಯಿ 15 ತುಂಡು ಮಾಡಿಸಿ, ಕೊನೆಯ ಒಂದನ್ನು, ಅಂದರೆ ಒದ್ದೆ ಟವಲನ್ನು ತಂತಿಗೆ ಹಾಕುವುದನ್ನು, ಅವನಿಗೆ ಬಿಟ್ಟರು. ಅದು ಬಂದ ಮೇಲೆ ಕೊನೆಯ ಎರಡು, ಆಮೇಲೆ ಮೂರು. ಕೆಲಸ ಮುಗಿಸಿದ್ದು ತಾನೇ ಎಂಬುದು ಅವನಿಗೆ ಪ್ರತಿದಿನವೂ ಸಿಕ್ಕಿತು. ಮುಂದಿನಿಂದ ಕಲಿಸಿದರೆ ಅರ್ಧಕ್ಕೆ ನಿಂತು ಬೈಸಿಕೊಳ್ಳುವುದೇ ಸಿಗುತ್ತಿತ್ತು. ಮೊದಲ ದಿನಗಳಲ್ಲಿ ಅವನ ಕೈಯ ಮೇಲೆ ಕೈಯಿಟ್ಟು ಮಾಡಿಸುವುದು, ನಂತರ ಮೊಣಕೈ ಮುಟ್ಟುವುದು, ನಂತರ ಬರೀ ತೋರಿಸುವುದು, ಕೊನೆಗೆ ದೂರ ನಿಲ್ಲುವುದು. ಈ ದೂರ ನಿಲ್ಲುವುದೇ ತಾಯಂದಿರಿಗೆ ಕಷ್ಟ. ನೀರು ಎಷ್ಟು ಸುರಿಯಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ, ಹಂಡೆ ಖಾಲಿಯಾಗುವವರೆಗೆ ಸುರಿಯುತ್ತಿದ್ದ. ಬಚ್ಚಲ ಗೂಡಿನಲ್ಲಿ 12 ಹುಣಸೆಬೀಜ ಇಟ್ಟರು. ಒಂದು ಚೊಂಬಿಗೆ ಒಂದು ಬೀಜ ಪಕ್ಕದ ಡಬ್ಬಿಗೆ; ಬೀಜ ಮುಗಿದರೆ ನೀರು ಮುಗಿಯಿತು. ಈ ಉಪಾಯ ಆ ತಾಯಿಯದೇ, ಯಾವ ಪುಸ್ತಕದ್ದೂ ಅಲ್ಲ.

ನಾಲ್ಕು ತಿಂಗಳು ಹಿಡಿಯಿತು. ನಡುವೆ ಅಜ್ಜಿ ತೀರಿಕೊಂಡಾಗ ಮನೆಯ ತುಂಬ ಜನ ಸೇರಿ, ಕಲಿತದ್ದೆಲ್ಲ ಮೂರು ವಾರ ಬಿಟ್ಟುಹೋಗಿತ್ತು. ಮತ್ತೆ ಟವಲಿನಿಂದ ಶುರುಮಾಡಿದರು.

ನಾವು ಇಲಾಖೆಯವರು ಭಾಷಣ ಮಾಡುವುದು ಹೆಚ್ಚು. ಆದರೆ ಭಾಷಣ ಕೇಳಿ ಯಾರೂ ಬೀಜೋಪಚಾರ ಕಲಿತಿಲ್ಲ, ಪ್ರಾತ್ಯಕ್ಷಿಕೆ ನೋಡಿ ಕಲಿತಿದ್ದಾರೆ. ಈ ಮಕ್ಕಳ ವಿಷಯದಲ್ಲಿ ಇದು ಇನ್ನೂ ನಿಜ. ಕಿವಿಗಿಂತ ಕಣ್ಣು ಅವರಿಗೆ ಹತ್ತಿರ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಎರಿಕ್ ಶಾಪ್ಲರ್ ಎಂಬಾತ ಆಟಿಸಂ ಇರುವವರ ಕಲಿಕೆಯನ್ನು ಈ ದಾರಿಯಲ್ಲೇ ಕಟ್ಟಿದ; 1972ರಿಂದ ಅದು ಇಡೀ ರಾಜ್ಯದ ಕಾರ್ಯಕ್ರಮವಾಯಿತು. ದಿನದಲ್ಲಿ ಏನಾದ ಮೇಲೆ ಏನು ಎಂಬುದನ್ನು ಚಿತ್ರಗಳಲ್ಲಿ ಗೋಡೆಗೆ ಹಾಕುವುದು, ಮುಗಿದದ್ದನ್ನು ತೆಗೆದು ಚೀಲಕ್ಕೆ ಹಾಕುವುದು. ಈ ಮನೆಯಲ್ಲಿ ಮೊಬೈಲಿನಲ್ಲಿ ತೆಗೆದ ಫೋಟೋಗಳನ್ನೇ ವಿಜಯಪುರದ ಅಂಗಡಿಯಲ್ಲಿ ಅಚ್ಚು ಹಾಕಿಸಿ ಅಂಟಿಸಿದ್ದಾರೆ. ಮದುವೆಗೋ ಆಸ್ಪತ್ರೆಗೋ ಹೋಗುವುದಿದ್ದರೆ ಹಿಂದಿನ ದಿನವೇ ಆ ಚಿತ್ರ ಏರುತ್ತದೆ. ಗಲಾಟೆ ಅರ್ಧ ಕಡಿಮೆಯಾಯಿತು ಎನ್ನುತ್ತಾರೆ ತಂದೆ.

ಮಾತು ಚಿಕ್ಕದಿರಲಿ, ಎಲ್ಲರೂ ಅದೇ ಮಾತು ಹೇಳಲಿ. ಅಮ್ಮ "ಕೈ ತೊಳಿ" ಎಂದು, ಅಜ್ಜ "ಹೋಗೋ, ಶುದ್ಧವಾಗಿ ಬಾ" ಎಂದರೆ ಅವನಿಗೆ ಅವು ಎರಡು ಬೇರೆ ಕೆಲಸ. ಮಾಡಿದ ಕೂಡಲೇ ಅವನಿಗೆ ಇಷ್ಟವಾದದ್ದು ಸಿಗಲಿ, ಸಂಜೆಗೆ ಎಂದು ಉಳಿಸಬೇಡಿ. ಹೊಡೆಯಬೇಡಿ. ಗುಂಡಿ ಹಾಕಲಾಗದಿದ್ದರೆ ಎಲಾಸ್ಟಿಕ್ ಚಡ್ಡಿ-ಪ್ಯಾಂಟು ಹೊಲಿಸಿ, ಅದರಲ್ಲಿ ಅವಮಾನವೇನಿದೆ?

ಹೆಣ್ಣುಮಕ್ಕಳ ವಿಷಯ ಇಲ್ಲಿ ಬರೆಯಲೇಬೇಕು. ಮುಟ್ಟು ಬಂದ ದಿನ ರಕ್ತ ನೋಡಿ ಅವರು ಹೆದರಿ ಹೋಗುತ್ತಾರೆ. ವರ್ಷ ಮೊದಲಿನಿಂದಲೇ ತಾಯಿ ಬಟ್ಟೆಯನ್ನೋ ಪ್ಯಾಡನ್ನೋ ತಿಂಗಳಿಗೆ ಎರಡು ದಿನ ಹಾಕಿಸಿ ಅಭ್ಯಾಸ ಮಾಡಿಸಬೇಕು. ಬಾಗಿಲು ಹಾಕಿಕೊಂಡು ಬಟ್ಟೆ ಬದಲಿಸುವುದು, ಯಾರು ಮುಟ್ಟಬಹುದು ಯಾರು ಮುಟ್ಟಬಾರದು ಎಂಬುದು, ಗಂಡಾಗಲಿ ಹೆಣ್ಣಾಗಲಿ ಇವರಿಗೆ ಬೇರೆ ಮಕ್ಕಳಿಗಿಂತ ಬೇಗ ಮತ್ತು ಹೆಚ್ಚು ಸಲ ಕಲಿಸಬೇಕು. ಹೇಳಿಕೊಳ್ಳಲಾರದವರನ್ನು ಕೆಡಿಸುವವರು ಎಲ್ಲ ಊರಲ್ಲೂ ಇರುತ್ತಾರೆ.

ಹೊಲದ ಕೆಲಸದಲ್ಲಿ ಅವನ ಪಾಲು

ಟಿಲ್ಲರಿನ ಸದ್ದು, ಪಟಾಕಿ, ಸಂತೆಯ ಗದ್ದಲ ಇವರಿಗೆ ಚಾಕುವಿನಂತೆ ತಾಗಬಹುದು. ಹಿಂದಿನಿಂದ ಮುಟ್ಟುವುದೂ ಹಾಗೆಯೇ, ನಾನು ಮಾಡಿದ ತಪ್ಪು ಅದೇ. ಆದ್ದರಿಂದ ಕೆಲಸ ಆರಿಸುವಾಗ ಸದ್ದು ಕಡಿಮೆಯಿರುವ, ಪ್ರತಿದಿನ ಒಂದೇ ಹೊತ್ತಿಗೆ ನಡೆಯುವ, ಎಲ್ಲಿಗೆ ಮುಗಿಯುತ್ತದೆಂದು ಕಣ್ಣಿಗೆ ಕಾಣುವ ಕೆಲಸ ಆರಿಸಬೇಕು. ನಮ್ಮ ಸೀಮೆಯಲ್ಲಿ ಅಂಥವು ಬೇಕಾದಷ್ಟಿವೆ. ಸಸಿಮನೆಯ 98 ಕುಳಿಯ ಟ್ರೇ: ಕುಳಿಗೊಂದು ಬೀಜ, ಖಾಲಿ ಕುಳಿ ಉಳಿದರೆ ಕೆಲಸ ಉಳಿದಿದೆ. ಚೆಂಡುಹೂವಿನ ಸಸಿ ನೆಡಲು ಗಂಟು ಹಾಕಿದ ಹಗ್ಗ: ಗಂಟಿಗೊಂದು ಸಸಿ. ಡೈರಿಗೆ ಎರಡು ಹೊತ್ತು ಹಾಲು ಒಯ್ಯುವುದು.

ರೇಷ್ಮೆ ಹುಳುವಂತೂ ಇವನಂತೆಯೇ ಹೊತ್ತು ತಪ್ಪಿದರೆ ಸಹಿಸುವುದಿಲ್ಲ. ಸೊಪ್ಪು ಹೊತ್ತಿಗೆ ಸರಿಯಾಗಿ ಬೀಳಬೇಕು, ಜ್ವರಕ್ಕೆ ಕುಳಿತಾಗ ನಿಲ್ಲಿಸಬೇಕು. ನಾಲ್ಕು ಜ್ವರದ ಲೆಕ್ಕ ಈ ಹುಡುಗನಿಗೆ ಈಗ ಅಪ್ಪನಿಗಿಂತ ಚೆನ್ನಾಗಿ ಗೊತ್ತು. ಚಂದ್ರಿಕೆಯಿಂದ ಗೂಡು ಬಿಡಿಸಿದ ಮೇಲೆ ಜೋಡಿಗೂಡು, ಕಲೆಗೂಡು, ತೆಳುಗೂಡು ಬೇರೆ ಮಾಡಲು ಮೂರು ಬುಟ್ಟಿ, ಪ್ರತಿಯೊಂದರ ಮೇಲೆ ಒಂದು ಮಾದರಿ ಗೂಡು ಕಟ್ಟಿದ್ದಾರೆ. ತಪ್ಪು ಕಡಿಮೆ. ಆದರೆ ಬೇಗ ಮಾಡು ಎಂದರೆ ಎಲ್ಲ ನಿಲ್ಲುತ್ತದೆ.

ಸಂಬಳವಿಲ್ಲದ ಆಳು ಸಿಕ್ಕಿದನೆಂದು ತಿಳಿಯಬಾರದು. ಈ ಮನೆಯಲ್ಲಿ ವಾರಕ್ಕೊಮ್ಮೆ ಅವನ ಕೈಗೆ ಹಣ ಕೊಡುತ್ತಾರೆ. ಅದೇ ಅಂಗಡಿ, ಅದೇ ಬಿಸ್ಕತ್ತು, ಅದೇ ನೋಟು. ಲೆಕ್ಕ ಹಾಗೆ ಕಲಿಯುತ್ತಿದ್ದಾನೆ.

ಅಮೆರಿಕದ ಓಹಾಯೊ ರಾಜ್ಯದಲ್ಲಿ 1983ರಲ್ಲಿ ಬೆಟ್ಟಿ ರೂತ್ ಕೇ ಎಂಬ ಶಿಕ್ಷಕಿ, ಆಟಿಸಂ ಇರುವ ವಯಸ್ಕರಿಗೆಂದೇ 80 ಎಕರೆಯಲ್ಲಿ ಬಿಟರ್‌ಸ್ವೀಟ್ ಫಾರ್ಮ್ಸ್ ಎಂಬ ಬೇಸಾಯದ ನೆಲೆ ಕಟ್ಟಿದರು. ನಮ್ಮ ಬೆಂಗಳೂರಿನಲ್ಲೂ 1959ರಲ್ಲಿ ಎನ್. ಎಸ್. ಹೇಮಾ ಸ್ಥಾಪಿಸಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ ಸಂಸ್ಥೆ ಅಂಗವಿಕಲರಿಗೆ ತೋಟಗಾರಿಕೆ ತರಬೇತಿ ಕೊಡುತ್ತ ಬಂದಿದೆ. ಹಳ್ಳಿಯ ಮನೆಗೆ ಭೂಮಿ ಹುಡುಕುವ ತೊಂದರೆಯಿಲ್ಲ, ಇರುವುದು ಬಾಗಿಲ ಮುಂದೆಯೇ.

ನೀರು, ಕರೆಂಟು, ಔಷಧಿ

ಈ ಮಕ್ಕಳು ಹೇಳದೆ ಹೊರಟುಬಿಡುತ್ತಾರೆ, ಬಹಳ ಮಂದಿಗೆ ನೀರಿನ ಸೆಳೆತ. ಕಾಣೆಯಾದರೆ ಮೊದಲು ಹೊಂಡ, ಬಾವಿ, ಕೆರೆ ನೋಡಿ, ಬಸ್‌ಸ್ಟ್ಯಾಂಡು ಆಮೇಲೆ. ಹೊಂಡಕ್ಕೆ ಸುತ್ತ ತಂತಿಬೇಲಿ, ಬೀಗವಿರುವ ಗೇಟು ಬೇಕು. ದಡದ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟ ಗಂಟಿನ ಹಗ್ಗ, ತೇಲಲು ಬಾಯಿ ಮುಚ್ಚಿದ ಖಾಲಿ ಕ್ಯಾನು ಇರಲಿ. ಅಕ್ಕಪಕ್ಕದ ತೋಟದವರಿಗೂ ಹೇಳಿಡಿ. ಅಂಗಿಯ ಒಳಗೆ ಫೋನ್ ನಂಬರು ಹೊಲಿಸಿ. ಸ್ಟಾರ್ಟರ್ ಪೆಟ್ಟಿಗೆಗೆ ಬೀಗ. ಕೀಟನಾಶಕ, ಹುಳುಮನೆಯ ಫಾರ್ಮಲಿನ್ ಬಾಟಲಿ ಎಂದಿಗೂ ಕುಡಿಯುವ ನೀರಿನ ಬಾಟಲಿಯ ಪಕ್ಕ ಬೇಡ. ಸಿಕ್ಕಿದ್ದನ್ನು ಬಾಯಿಗಿಡುವ ಅಭ್ಯಾಸ ಕೆಲವರಿಗೆ ದೊಡ್ಡವರಾದರೂ ಹೋಗುವುದಿಲ್ಲ.

ಪಹಣಿಯ ಮಾತು

ರಾತ್ರಿ ಊಟವಾದ ಮೇಲೆ ತಂದೆ ಕೇಳಿದ ಪ್ರಶ್ನೆ ಒಂದೇ: "ನಾವು ಹೋದ ಮೇಲೆ?" ವಿಮಾನ ನಿಲ್ದಾಣದ ಸುತ್ತ ಭೂಮಿಗೆ ಬಂದಿರುವ ಬೆಲೆ ಎಲ್ಲರಿಗೂ ಗೊತ್ತು. "ಅವನಿಗೇಕೆ ಪಾಲು, ನಾವೇ ನೋಡಿಕೊಳ್ಳುತ್ತೇವೆ, ಇಲ್ಲೊಂದು ಹೆಬ್ಬೆಟ್ಟು ಒತ್ತಿಸಿ" ಎಂದು ದಾಯಾದಿಗಳು ಆಗಲೇ ಬಂದಿದ್ದರು.

ಕಾನೂನು ಸ್ಪಷ್ಟವಾಗಿದೆ. ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೇ ಕಲಮಿನ ಪ್ರಕಾರ ರೋಗವೋ ಅಂಗಊನವೋ ಇದೆಯೆಂದು ಯಾರಿಗೂ ಪಾಲು ತಪ್ಪುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಅನ್ನೂ ಸೇರಿಸಿದೆ, ಆಸ್ತಿ ಹೊಂದುವ ಹಕ್ಕನ್ನೂ ಹೇಳಿದೆ. 18 ತುಂಬಿದ ಮೇಲೂ ತನ್ನ ವ್ಯವಹಾರ ತಾನು ನೋಡಿಕೊಳ್ಳಲಾರದವರಿಗೆ, 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿ ಪಾಲಕರನ್ನು ನೇಮಿಸುತ್ತದೆ. ಹಾಗೆ ನೇಮಕವಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಅದೇ ನ್ಯಾಸದ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಎಲ್ಲಕ್ಕೂ ಮೊದಲು ಬೇಕಾದ್ದು ಯು.ಡಿ.ಐ.ಡಿ. ಕಾರ್ಡು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಅರ್ಜಿ ಹಾಕಿಸುತ್ತಾರೆ. ಮಾತಿನ ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಇದೆ. ನಮಗೆ ಹತ್ತಿರವೆಂದರೆ ನಿಮ್ಹಾನ್ಸ್.

ಈ ಹುಡುಗನ ಪಾಲಕರ ಅರ್ಜಿ ಈಗ ಸಮಿತಿಯ ಮುಂದಿದೆ. ಹೊಂಡಕ್ಕೆ ಬೇಲಿ ಬಿದ್ದಿದೆ, ಹೋದಾಗಲೆಲ್ಲ ಗೇಟಿನ ಬೀಗ ಎಳೆದು ನೋಡುತ್ತೇನೆ.

ಹೋದ ತಿಂಗಳು ಹೋಗಿದ್ದಾಗ ಹುಳು ನಾಲ್ಕನೇ ಜ್ವರ ಎದ್ದಿತ್ತು. ನೋಡೋಣವೆಂದು ಹುಳುಮನೆಗೆ ನುಗ್ಗಿದೆ. ಹುಡುಗ ಬಾಗಿಲಿಗೆ ಅಡ್ಡ ನಿಂತ. ನನ್ನ ಮುಖ ನೋಡಲಿಲ್ಲ, ನನ್ನ ಬೂಟು ನೋಡಿದ. ಬೂಟು ಬಿಚ್ಚಿದೆ. ಆದರೂ ಬಿಡಲಿಲ್ಲ. ಬಾಗಿಲ ಬಳಿಯ ಬ್ಲೀಚಿಂಗ್ ಪುಡಿ ನೀರಿನ ಗೋಣಿತಟ್ಟನ್ನು ತೋರಿಸಿ "ಕಾಲು" ಎಂದ.

"ಅಯ್ಯೋ, ಸಾಹೇಬರು ಕಣೋ ಮಗಾ" ಎಂದರು ತಾಯಿ ಒಳಗಿನಿಂದ.

"ಕಾಲು" ಎಂದ ಮತ್ತೆ. ನಾನು ಗೋಣಿತಟ್ಟಿನ ಮೇಲೆ ಎರಡೂ ಕಾಲಿಟ್ಟು, ಕೈ ತೊಳೆದು ಒಳಗೆ ಹೋದೆ.