ಚಿಕ್ಕೋಡಿ ಸೀಮೆಯ ಬೆಳ್ಳುಳ್ಳಿ: ಪದ, ಋತು, ಬೀಜ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಜನರ ಬಾಯಲ್ಲಿ ಬೆಳ್ಳುಳ್ಳಿಯು 'ಬಳ್ಳೊಳ್ಳಿ'ಯೆನಿಸಿಕೊಳ್ಳುತ್ತದೆ. ಇದನ್ನು ಅಶುದ್ಧರೂಪವೆಂದು ತಿದ್ದುವುದು ಸುಲಭ. ಆದರೆ ಸ್ವರಗಳು ಮಾರ್ಪಟ್ಟಿದ್ದರೂ ಪದದ ಅಂಗಗಳು ಅಳಿದಿಲ್ಲ. 'ಬೆಳ್' ಎಂದರೆ ಬಿಳಿದು, 'ಉಳ್ಳಿ' ಎಂದರೆ ಗಡ್ಡೆಯ ಜಾತಿ. ತೆಲುಗಿನ ವೆಲ್ಲುಲ್ಲಿ, ಮಲೆಯಾಳದ ವೆಳುತ್ತುಳ್ಳಿಗಳು ಇದೇ ಕುಲಕ್ಕೆ ಸೇರಿದುವು. ಅದೇ ಸಂತೆಯಲ್ಲಿ ಪಕ್ಕದ ಮರಾಠಿಯವನು ಕೇಳುವ 'ಲಸೂಣ'ವು ಸಂಸ್ಕೃತದ ಲಶುನದಿಂದ ಬಂದುದು. ಎರಡು ಭಾಷಾಕುಲಗಳ ಹೆಸರುಗಳು ಒಂದೇ ಬುಟ್ಟಿಯ ಮೇಲೆ ಕೂಡುತ್ತವೆ.

ಹೆಸರಿಗಿಂತಲೂ ತೊಡಕಿನದು ಋತುವಿನ ವಿಷಯ. ಶೀತದೇಶಗಳ ತೋಟಗಾರಿಕೆಯ ಗ್ರಂಥಗಳು ಬೆಳ್ಳುಳ್ಳಿಯನ್ನು ಚಳಿಗೆ ಮುನ್ನ ನೆಟ್ಟು, ಹುಲ್ಲು ಹೊದಿಸಿ, ಹಿಮದ ತಿಂಗಳುಗಳನ್ನು ದಾಟಿಸಿ, ಮರುವರ್ಷದ ಬೇಸಗೆಯ ನಡುವೆ ಕೀಳಬೇಕೆನ್ನುತ್ತವೆ. ಈ ವಿಧಿಯನ್ನು ಹಾಗೆಯೇ ಕನ್ನಡಿಸಿದರೆ ಕೃಷ್ಣೆ, ದೂಧಗಂಗೆ, ವೇದಗಂಗೆಗಳ ಬಯಲಿನವನಿಗೆ ಅದು ಒದಗದು. ಅಲ್ಲಿ ಚಳಿಗಾಲವು ಪೈರು ಮಲಗಿ ಕಳೆಯಬೇಕಾದ ಗಂಡಾಂತರ. ಇಲ್ಲಿ ಅದೇ ಪೈರಿನ ಆಯುಷ್ಯವೆಲ್ಲ. ಹಿಂಗಾರಿಯ ಚಿತ್ತಿ, ಸ್ವಾತಿ ಮಳೆಗಳ ಹೊತ್ತಿಗೆ, ಎಂದರೆ ಅಕ್ಟೋಬರ-ನವೆಂಬರಿನಲ್ಲಿ, ನೆಟ್ಟುದು ಸುಮಾರು ೧೨೦-೧೩೦ ದಿನಗಳಲ್ಲಿ ಕೀಳುವ ಹದಕ್ಕೆ ಬರುವುದು.

ಆದರೂ ಚಳಿಯು ಇಲ್ಲಿಯೂ ಬೇಕು. ಗಡ್ಡೆಯು ಎಸಳುಗಳಾಗಿ ಒಡೆಯುವುದಕ್ಕೆ ತಂಪು ಪ್ರೇರಕ. ಅನಂತರ ಹಗಲು ನೀಳವಾಗಿ ಬಿಸಿಲು ಏರಿದಂತೆ ಗಡ್ಡೆ ತುಂಬುತ್ತದೆ. ತಂಪು ಸಾಲದೆ ಹೋದರೆ ಒಂದೇ ಎಸಳಿನ ಒಂಟಿಗಡ್ಡೆ ದೊರೆಯಬಹುದು. ತಡವಾಗಿ ನೆಟ್ಟವನ ಗಡ್ಡೆಗಳು ಸಣ್ಣವಾಗಿಯೇ ಉಳಿಯುವುವು. ಈ ಸೀಮೆಯು ೧೬ರಿಂದ ೧೭ನೆಯ ಉತ್ತರ ಅಕ್ಷಾಂಶದೊಳಗಿನದು. ಡಿಸೆಂಬರಿನ ಹಗಲು ಇಲ್ಲಿ ಸುಮಾರು ೧೧ ಗಂಟೆ. ದೀರ್ಘ ಹಗಲನ್ನು ಬಯಸುವ ಬೆಟ್ಟದ ತಳಿಯನ್ನು ಇಲ್ಲಿ ನೆಟ್ಟರೆ ಎಲೆ ಬೆಳೆಯುವುದೇ ಹೊರತು ಗಡ್ಡೆ ಸರಿಯಾಗಿ ಕಟ್ಟದು.

ಹಿತ್ತಿಲಿನ ಎರೆಮಣ್ಣು ನೀರನ್ನು ಹಿಡಿದು, ಒಣಗಿದಾಗ ಕಲ್ಲಾಗುವುದರಿಂದ, ಹಳೆಯ ತಿಪ್ಪೆಗೊಬ್ಬರವನ್ನು ಬೆರಸಿ ಮಡಿಯನ್ನು ಎತ್ತರಿಸತಕ್ಕುದು. ಹೊರಸುತ್ತಿನ ದಪ್ಪ ಎಸಳುಗಳನ್ನು ಸಿಪ್ಪೆ ಸುಲಿಯದೆ, ಮೊನೆ ಮೇಲಾಗುವಂತೆ, ಎರಡು ಬೆರಳಿನಾಳಕ್ಕೆ, ನಾಲ್ಕೈದು ಬೆರಳಿನ ಅಂತರದಲ್ಲಿ ಊರುವುದು. ಎಂಟು ಹತ್ತು ದಿನಕ್ಕೊಮ್ಮೆ ನೀರು ಸಾಕು. ಎಲೆ ಹಳದಿಯಾಗಿ ಕುತ್ತಿಗೆ ಬಾಗಿದೊಡನೆ ನೀರನ್ನು ನಿಲ್ಲಿಸಿ, ಕಿತ್ತು, ನೆರಳಿನಲ್ಲಿ ಆರಿಸಿ, ಎಲೆಗಳನ್ನೇ ಜಡೆ ಹೆಣೆದು ತೂಗುಹಾಕುವುದು.

ಇನ್ನು 'ಬೀಜ'. ಅಮರಕೋಶವು ಲಶುನಕ್ಕೆ ಕೊಡುವ ಹೆಸರುಗಳಲ್ಲಿ ರಸೋನಕವೂ ಒಂದು. ಷಡ್ರಸಗಳಲ್ಲಿ ಹುಳಿಯೊಂದು ಊನವಾದುದರಿಂದ ಈ ಹೆಸರೆಂದು ವೈದ್ಯರ ನಿರುಕ್ತಿ. ಉಳಿದ ಐದನ್ನು ಭಾವಪ್ರಕಾಶವು ಗಿಡದ ಅಂಗಗಳಿಗೆ ಹಂಚಿ, ಬೀಜಕ್ಕೆ ಸಿಹಿಯನ್ನು ಕೊಟ್ಟಿದೆ. ಆದರೆ ಇಂದು ಕೃಷಿಯಲ್ಲಿರುವ ಬೆಳ್ಳುಳ್ಳಿಯು ಸಾಮಾನ್ಯವಾಗಿ ಬೀಜವನ್ನು ಕಟ್ಟುವುದಿಲ್ಲ. ಫಲಿಸುವ ಬೀಜವುಳ್ಳ ಗಿಡಗಳು ಕಂಡುಬಂದುದು ಮುಖ್ಯವಾಗಿ ಮಧ್ಯ ಏಷ್ಯೆಯ ತಿಯೆನ್ ಶಾನ್ ಪರ್ವತಗಳ ಕಡೆ. ಲಶುನದ ಪ್ರಶಂಸೆಯಿಂದ ತೊಡಗುವ, ೧೮೯೦ರಲ್ಲಿ ದೊರೆತ ಬೋವರ್ ಹಸ್ತಪ್ರತಿಯೂ ಆ ಪರ್ವತಗಳ ತಪ್ಪಲಿನ ಕೂಚಾದ್ದೇ ಎಂಬುದು ಕುತೂಹಲಕರ. ಶಾಸ್ತ್ರದ 'ಬೀಜ'ವು ರೈತನು ಬಿತ್ತನೆಯೆಂದು ಕರೆಯುವ ಎಸಳೇ ಆಗಿದ್ದರೂ ಇರಬಹುದು. ನಿಘಂಟುಕಾರರು ಈ ಅರ್ಥವನ್ನೂ ಪರಿಶೀಲಿಸುವುದೊಳ್ಳೆಯದು.

ಎಸಳೇ ಬೀಜವಾದುದರಿಂದ ಮಗಳಗಿಡವೂ ತಾಯಿಗಿಡವೂ ಒಂದೇ. ಒಂದು ಮನೆಯಲ್ಲಿ ಅಜ್ಜಿಯ ಕಾಲದಿಂದ ನಡೆದು ಬಂದ ಬಳ್ಳೊಳ್ಳಿಯು ಎಡೆಬಿಡದೆ ಬದುಕಿರುವ ಒಂದೇ ಗಿಡ. ಅದು ಈ ಹಗಲಿಗೆ, ಈ ಚಳಿಗೆ ಒಗ್ಗಿದುದು. ಕಿತ್ತ ದಿನವೇ ಮೇಲಾದ ಗಡ್ಡೆಗಳನ್ನು ಬೇರೆ ಜಡೆಯಾಗಿ ಕಟ್ಟಿ ಮುಂದಿನ ಹಿಂಗಾರಿಯವರೆಗೆ ಕಾಯುವರು. ಶ್ರಾವಣದ ಮೇಲೆ ರೊಟ್ಟಿಯ ಚಟ್ನಿಗೆ ಗಡ್ಡೆ ತೀರಿದಾಗ ಕೈ ಹೋಗುವುದು ಆ ಜಡೆಗೇ. ಅದು ಬರಿದಾದ ವರ್ಷ ಬಿತ್ತನೆಗೆ ಸಂತೆಯೇ ಗತಿ. ಸಂತೆಯ ಗಡ್ಡೆಯು ಯಾವ ನಾಡಿನದೆಂಬುದನ್ನು ಮಾರುವವನೂ ಬಲ್ಲನೆಂಬ ಭರವಸೆಯಿಲ್ಲ.