ಮೀನುಮರಿಗಳ ಆಹಾರದಲ್ಲಿ ಕಿಣ್ವ: ಎಲ್ಲಿ ಉಪಯುಕ್ತ, ಎಲ್ಲಿ ವ್ಯರ್ಥ

ಸೈದಾಪುರ ಹೋಬಳಿಯ ಕೃಷಿ ಹೊಂಡಗಳು ಹಾಗೂ ಸಣ್ಣ ಕೆರೆಗಳು ಬಹುಮಟ್ಟಿಗೆ ಮಳೆಯ ನೀರನ್ನೇ ಅವಲಂಬಿಸಿವೆ. ಮುಂಗಾರಿನಲ್ಲಿ ತುಂಬಿದ ನೀರು ಬೇಸಿಗೆಯಲ್ಲಿ ಬತ್ತುವುದರೊಳಗೆ ಮೀನು ಮಾರಾಟದ ಗಾತ್ರಕ್ಕೆ ಬರಬೇಕು. ಮರಿಯ ಹಂತದಲ್ಲಿಯೇ ಒಂದು ತಿಂಗಳ ಬೆಳವಣಿಗೆ ಕುಂಠಿತವಾದರೆ ಆ ವರ್ಷದ ಆದಾಯಕ್ಕೆ ಪೆಟ್ಟು ಬೀಳುತ್ತದೆ. ಈ ಕಾರಣದಿಂದ ಜೀರ್ಣಶಕ್ತಿ ಹೆಚ್ಚಿಸುವುದಾಗಿ ಹೇಳುವ ಕಿಣ್ವದ ಪುಡಿಗಳತ್ತ ಕೃಷಿಕರು ಹಾಗೂ ಸ್ವಸಹಾಯ ಸಂಘಗಳು ಆಕರ್ಷಿತರಾಗುವುದು ಸಹಜ. ಹಣ ತೆರುವ ಮುನ್ನ ಇವುಗಳ ಕಾರ್ಯವಿಧಾನವನ್ನು ತಿಳಿದಿರುವುದು ಅವಶ್ಯಕ.

1. ಕಿಣ್ವದ ಕೆಲಸ

ಆಹಾರದ ದೊಡ್ಡ ಕಣಗಳನ್ನು ಒಡೆದು ದೇಹವು ಹೀರಿಕೊಳ್ಳುವಂತೆ ಮಾಡುವ ವಿಶೇಷ ಪ್ರೋಟೀನ್‌ಗಳೇ ಕಿಣ್ವಗಳು. ಪ್ರೋಟಿಯೇಸ್ ಪ್ರೋಟೀನನ್ನೂ ಅಮೈಲೇಸ್ ಪಿಷ್ಟವನ್ನೂ ಒಡೆಯುತ್ತವೆ. ಇವುಗಳನ್ನು ಮೀನು ತಾನೇ ಉತ್ಪಾದಿಸಿಕೊಳ್ಳುತ್ತದೆ. ಆದರೆ ಧಾನ್ಯ ಮತ್ತು ಎಣ್ಣೆಕಾಳುಗಳಲ್ಲಿರುವ ಫೈಟೇಟ್ ಎಂಬ ಸಂಯುಕ್ತವನ್ನು ಒಡೆಯುವ ಫೈಟೇಸ್ ಕಿಣ್ವವು ಮೀನಿನ ಕರುಳಿನಲ್ಲಿ ಸಾಕಷ್ಟು ಇರುವುದಿಲ್ಲ.

ಶಹಾಪುರ, ಸುರಪುರ ಭಾಗದಲ್ಲಿ ಭತ್ತದ ಬೆಳೆಯಿರುವುದರಿಂದ ತೌಡು ಜಿಲ್ಲೆಯಲ್ಲಿ ಸುಲಭವಾಗಿ ದೊರೆಯುತ್ತದೆ; ಶೇಂಗಾ ಹಿಂಡಿಯೂ ಲಭ್ಯವಿದೆ. ಇವೆರಡರ ಮಿಶ್ರಣವೇ ಮೀನುಮರಿಗಳ ರೂಢಿಯ ಆಹಾರ. ಇಂತಹ ಸಸ್ಯಮೂಲದ ಪದಾರ್ಥಗಳಲ್ಲಿರುವ ರಂಜಕದ ಸುಮಾರು ಮೂರನೇ ಎರಡು ಭಾಗ ಫೈಟೇಟ್ ರೂಪದಲ್ಲಿ ಬಂಧಿತವಾಗಿರುತ್ತದೆ. ತೌಡಿನಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಮೀನಿಗೆ ದಕ್ಕದ ರಂಜಕವು ಹಿಕ್ಕೆಯ ಮೂಲಕ ನೀರಿಗೆ ಸೇರುತ್ತದೆ. ಇದರಿಂದ ಎರಡು ನಷ್ಟ: ಮರಿಯ ಮೂಳೆ ಬಲಗೊಳ್ಳದೆ ಬೆಳವಣಿಗೆ ಕುಗ್ಗುತ್ತದೆ, ನೀರಿನಲ್ಲಿ ಪಾಚಿ ಮಿತಿಮೀರಿ ಬೆಳೆದು ರಾತ್ರಿ ಆಮ್ಲಜನಕ ಇಳಿಯುತ್ತದೆ, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯ್ದೆರೆಯುತ್ತವೆ.

2. ಕೋಳಿಗೂ ಗೆಂಡೆಮೀನಿಗೂ ಇರುವ ವ್ಯತ್ಯಾಸ

ಕೋಳಿ ಸಾಕಣೆಯಲ್ಲಿ ಫೈಟೇಸ್ ಬಳಕೆ ವ್ಯಾಪಕವಾಗಿದೆ. ಕೋಳಿಯ ಜಠರದಲ್ಲಿ ಆಮ್ಲವಿರುತ್ತದೆ. ಬಹುತೇಕ ಫೈಟೇಸ್‌ಗಳು ಆಮ್ಲೀಯ ಸ್ಥಿತಿಯಲ್ಲಿಯೇ ಚೆನ್ನಾಗಿ ಕೆಲಸ ಮಾಡುತ್ತವೆ. ಕಾಟ್ಲಾ, ರೋಹು, ಮೃಗಾಲ್ ಮತ್ತು ಸಾಮಾನ್ಯ ಗೆಂಡೆಗೆ ಆಮ್ಲ ಸ್ರವಿಸುವ ಜಠರವೇ ಇಲ್ಲ. ಇವುಗಳ ಕರುಳು ತಟಸ್ಥ ಅಥವಾ ಅಲ್ಪ ಕ್ಷಾರೀಯವಾಗಿರುತ್ತದೆ. ಆದ್ದರಿಂದ ಕೋಳಿಯಲ್ಲಿ ಕಂಡ ಫಲಿತಾಂಶವನ್ನು ಅದೇ ಪುಡಿಯಿಂದ ಈ ಮೀನುಗಳಲ್ಲಿ ನಿರೀಕ್ಷಿಸುವುದು ಸರಿಯಲ್ಲ.

ಇದಕ್ಕೆ ಪರಿಹಾರವೂ ಇದೆ. ಮುಂಬೈನ ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆಯ ಸಂಶೋಧಕರು ರೋಹು ಮರಿಗಳ ಆಹಾರದಲ್ಲಿ ಫೈಟೇಸ್ ಜೊತೆಗೆ ಶೇ. 3ರಷ್ಟು ಸಿಟ್ರಿಕ್ ಆಮ್ಲವನ್ನು ಸೇರಿಸಿ ಪರೀಕ್ಷಿಸಿದಾಗ ಖನಿಜಾಂಶಗಳ ಬಳಕೆ ಉತ್ತಮಗೊಂಡಿತು. ತೌಡನ್ನು ಕಿಣ್ವದೊಂದಿಗೆ ಮೊದಲೇ ನೆನೆಸಿಡುವುದು ಇನ್ನೊಂದು ಮಾರ್ಗ. ಆಗ ಫೈಟೇಟ್ ಮೀನಿನ ಹೊಟ್ಟೆ ಸೇರುವ ಮೊದಲೇ ಭಾಗಶಃ ಒಡೆದಿರುತ್ತದೆ.

3. ಮರಿಯ ವಯಸ್ಸಿಗೆ ತಕ್ಕ ಕ್ರಮ

ಸ್ಪಾನ್ ಹಂತದ ಮೊದಲ ಎರಡು ವಾರಗಳಲ್ಲಿ ಕಿಣ್ವದ ಪುಡಿಗೆ ಹಣ ವ್ಯಯಿಸಬಾರದು. ಈ ಹಂತದಲ್ಲಿ ಹಿಂಡಿ ಮತ್ತು ತೌಡನ್ನು ನುಣ್ಣಗೆ ಪುಡಿಮಾಡಿ ಎರಚುವುದರಿಂದ ಕಿಣ್ವವು ಮರಿಯ ಬಾಯಿ ಸೇರುವ ಮೊದಲೇ ನೀರಿನಲ್ಲಿ ಕರಗಿಹೋಗುತ್ತದೆ. ಜೀರ್ಣಾಂಗ ಇನ್ನೂ ಪೂರ್ಣಗೊಳ್ಳದ ಎಳೆಮರಿಗೆ ರೋಟಿಫರ್‌ನಂತಹ ಪ್ರಾಣಿ ಪ್ಲವಕಗಳೇ ಶ್ರೇಷ್ಠ ಆಹಾರ. ಸಗಣಿ ಗೊಬ್ಬರದಿಂದ ಹೊಂಡವನ್ನು ಮುಂಚಿತವಾಗಿ ಸಿದ್ಧಪಡಿಸಿ ಪ್ಲವಕ ಬೆಳೆಸುವುದೇ ಇಲ್ಲಿ ಮುಖ್ಯ.

ಮರಿಯು ಸುಮಾರು 25 ಮಿ.ಮೀ. ದಾಟಿ, ಮುದ್ದೆ ಅಥವಾ ಗುಳಿಗೆ ರೂಪದ ಆಹಾರವನ್ನು ತಟ್ಟೆಯಿಂದ ತಿನ್ನಲಾರಂಭಿಸಿದ ಬಳಿಕ ಕಿಣ್ವದ ಬಳಕೆಯನ್ನು ಪರಿಗಣಿಸಬಹುದು.

4. ಪ್ರಮಾಣ ಮತ್ತು ವಿಧಾನ

ಫೈಟೇಸ್‌ನ ಶಕ್ತಿಯನ್ನು ಎಫ್‌ಟಿಯು ಎಂಬ ಘಟಕದಲ್ಲಿ ಅಳೆಯಲಾಗುತ್ತದೆ. ಸಾಮಾನ್ಯ ಪ್ರಮಾಣ ಪ್ರತಿ ಕಿ.ಗ್ರಾಂ. ಆಹಾರಕ್ಕೆ 500ರಿಂದ 1,000 ಘಟಕ. ಪೊಟ್ಟಣದ ಮೇಲೆ ಗ್ರಾಂಗೆ 5,000 ಘಟಕ ಎಂದು ನಮೂದಾಗಿದ್ದರೆ, 500 ಘಟಕದ ಲೆಕ್ಕದಲ್ಲಿ 100 ಕಿ.ಗ್ರಾಂ. ಆಹಾರಕ್ಕೆ ಕೇವಲ 10 ಗ್ರಾಂ ಸಾಕು. ಇಷ್ಟು ಅಲ್ಪ ಪುಡಿಯನ್ನು ನೇರವಾಗಿ ಬೆರೆಸದೆ, ಮೊದಲು ಒಂದು ಕಿ.ಗ್ರಾಂ. ತೌಡಿನಲ್ಲಿ ಸಮನಾಗಿ ಕಲಸಿ, ನಂತರ ಉಳಿದ ತೌಡಿಗೆ ಸೇರಿಸಬೇಕು.

ತೌಡನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೇವಗೊಳಿಸಿ, ಅಲ್ಪ ಪ್ರಮಾಣದ ಸಿಟ್ರಿಕ್ ಆಮ್ಲ, ಅಂದರೆ ಅಂಗಡಿಯ ನಿಂಬೆ ಉಪ್ಪು, ಸೇರಿಸಿ ಕೆಲವು ಗಂಟೆ ಮುಚ್ಚಿಡಬೇಕು. ಬಳಿಕ ಹಿಂಡಿಯೊಂದಿಗೆ ಕಲಸಿ ಅದೇ ದಿನ ಬಳಸಬೇಕು. ಕುದಿಸಿದ ಅಥವಾ ಬಿಸಿಯಾಗಿರುವ ಆಹಾರಕ್ಕೆ ಕಿಣ್ವ ಬೆರೆಸಬಾರದು. ಹೆಚ್ಚಿನ ಶಾಖದಲ್ಲಿ ಅದು ಶಕ್ತಿ ಕಳೆದುಕೊಳ್ಳುತ್ತದೆ. ಪೊಟ್ಟಣವನ್ನು ಬಿಸಿಲು ಮತ್ತು ತೇವ ತಾಗದಂತೆ ಇಡಬೇಕು.

5. ಖರೀದಿಗೆ ಮುನ್ನ

ಪೊಟ್ಟಣದ ಮೇಲೆ ಕಿಣ್ವದ ಹೆಸರು, ಗ್ರಾಂವಾರು ಘಟಕ, ತಯಾರಿಕೆ ಹಾಗೂ ಅವಧಿ ಮುಗಿಯುವ ದಿನಾಂಕ ಇಲ್ಲದಿದ್ದರೆ ಖರೀದಿಸಬಾರದು. ಬೂಷ್ಟು ಹಿಡಿದ ಶೇಂಗಾ ಹಿಂಡಿಯ ವಿಷವನ್ನು ಈ ಕಿಣ್ವಗಳು ನಿವಾರಿಸುವುದಿಲ್ಲ. ಅಂತಹ ಹಿಂಡಿಯನ್ನು ತ್ಯಜಿಸಬೇಕು.

ಮೊದಲ ವರ್ಷ ಇಡೀ ಹೊಂಡಕ್ಕೆ ಬಳಸದೆ, ಒಂದೇ ಹೊಂಡದಲ್ಲಿ ಎರಡು ಹಾಪಾ ಬಲೆಗಳನ್ನು ಕಟ್ಟಿ, ಸಮಸಂಖ್ಯೆಯ ಮರಿಗಳನ್ನು ಬಿಟ್ಟು, ಒಂದಕ್ಕೆ ಕಿಣ್ವಸಹಿತ, ಇನ್ನೊಂದಕ್ಕೆ ಕಿಣ್ವರಹಿತ ಆಹಾರವನ್ನು ಸಮತೂಕದಲ್ಲಿ ನೀಡಬೇಕು. ವಾರಕ್ಕೊಮ್ಮೆ ಪ್ರತಿ ಬಲೆಯ 20 ಮರಿಗಳನ್ನು ತೂಗಿ ದಾಖಲಿಸಬೇಕು. ಎರಡು ತಿಂಗಳ ನಂತರ ಹೆಚ್ಚುವರಿ ತೂಕದ ಬೆಲೆಯು ಪುಡಿಯ ವೆಚ್ಚವನ್ನು ಮೀರಿದರೆ ಮಾತ್ರ ಮುಂದುವರಿಸುವುದು ಲಾಭಕರ. ಹೆಚ್ಚಿನ ಸಲಹೆಗೆ ತಾಲ್ಲೂಕು ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿ ಅಥವಾ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸತಕ್ಕದ್ದು.