ಬಾನಿನ ನಾಡಿಮಿಡಿತ

ಧ್ರುವಪ್ರದೇಶದ ಇರುಳಿನಲ್ಲಿ ಹಸುರು ತೆರೆಗಳಂತೆ ತೂಗಾಡುವ ಧ್ರುವಪ್ರಭೆಯ ವಿಷಯವನ್ನು ವಾಚಕರು ಕೇಳಿರಬಹುದು. ಅದಕ್ಕೊಂದು ನಾಡಿಯೂ ಉಂಟೆಂಬುದು ಅನೇಕರಿಗೆ ತಿಳಿಯದು. ನಡುರಾತ್ರಿ ಕಳೆದ ಮೇಲೆ, ಮೋಡದ ತುಣುಕುಗಳಂಥ ಮಂದಪ್ರಭೆಯು ಕೆಲವು ಸೆಕೆಂಡುಗಳಿಗೊಮ್ಮೆ ಹೊತ್ತಿ ನಂದುತ್ತದೆ.

ಈ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕಾಣದ ಪಾಲೂ ಇದೆ. ಮೇಲಿನಿಂದ ಎರಗುವ ಎಲೆಕ್ಟ್ರಾನುಗಳ ಪೆಟ್ಟಿಗೆ ಸಿಕ್ಕಿದ ಸಾರಜನಕವು ಅತಿನೇರಿಳೆ ಕಿರಣಗಳನ್ನು ಸೂಸುತ್ತದೆ. 2016ರ ಏಪ್ರಿಲ್ 28ರಂದು ರಷ್ಯದ ವೊಸ್ತೋಚ್ನಿ ನೆಲೆಯಿಂದ ಮೇಲೇರಿದ ‘ಲೊಮೊನೋಸೊವ್’ ಉಪಗ್ರಹದಲ್ಲಿ ಸುಮಾರು 2 ಚದರ ಮೀಟರಿನ ಕನ್ನಡಿಯುಳ್ಳ ದೂರದರ್ಶಕವಿತ್ತು. ಅದು ಹೊರಟದ್ದು ವಿಶ್ವಕಿರಣಗಳ ಬೇಟೆಗೆ. ಆದರೆ 300ರಿಂದ 400 ನ್ಯಾನೊಮೀಟರಿನ ಕಿರಣಗಳನ್ನು ಹಿಡಿಯುವ ಅದರ ಕಣ್ಣಿಗೆ ಧ್ರುವವಲಯದ ಈ ಮಿಡಿತವೂ ಬಿದ್ದಿತು.

ಮಿಡಿಸುವವರು ಯಾರು? ಧ್ವನಿಯಾಗಿಸಿ ಆಲಿಸಿದರೆ ಮುಂಜಾವದ ಹಕ್ಕಿಗಳ ಕಲರವದಂತೆ ಕೇಳಿಸುವ ‘ಕೋರಸ್’ ಅಲೆಗಳು! ಭೂಕಾಂತದ ಬಲೆಯಲ್ಲಿ ಸಿಲುಕಿದ ಎಲೆಕ್ಟ್ರಾನುಗಳನ್ನು ಅವು ಕಂತುಕಂತಾಗಿ ಕೆಳಕ್ಕೆ ತಳ್ಳುತ್ತವೆ. 2017ರ ಮಾರ್ಚಿನಲ್ಲಿ ಜಪಾನಿನ ‘ಅರಾಸೆ’ ಉಪಗ್ರಹವು ಇದನ್ನು ನೇರವಾಗಿ ಅಳೆಯಿತು. ಅದೇ ಹೊತ್ತಿಗೆ ಕೆನಡದ ನೆಲದಿಂದ ಬಾನಿನ ಮಿಡಿತವೂ ಕಂಡಿತು.

ಇದು ಬರಿಯ ಚೆಲುವಲ್ಲ. ಇಂಥ ಕಣಗಳಲ್ಲಿ ಬಲಿಷ್ಠವಾದವು ಉಪಗ್ರಹಗಳ ಯಂತ್ರಾಂಗಗಳನ್ನು ಕೆಡಿಸಬಲ್ಲವು. ವಾಯುಮಂಡಲದೊಳಕ್ಕೆ ಇಳಿದರೆ ಅಲ್ಲಿನ ಓಜೋನನ್ನೂ ಕರಗಿಸಬಲ್ಲವು. ನಾಡಿ ಹಿಡಿದ ವೈದ್ಯನು ಒಡಲಿನ ಸ್ಥಿತಿಯನ್ನು ಅರಿಯುವಂತೆ, ವಿಜ್ಞಾನಿಗಳು ಈ ಮಿಡಿತದಿಂದ ಭೂಮಿಯ ಹೊರಕೋಟೆಯ ಕ್ಷೇಮವನ್ನು ಅರಿಯುತ್ತಿದ್ದಾರೆ.